ಹಳೆಯ ಎಂಜಿನ್ನಿನ ಕವರ್‌ಗಳು ಸೋರದಂತೆ ಕೂರಿಸುವುದು: ಎಂಜಿಬಿ ಬಿ-ಸೀರೀಸ್ ಕೆಲಸದ ದಾಖಲೆ

ಬೆಂಚಿಗೆ ಬಂದದ್ದು 1798 ಸಿಸಿಯ ಬಿ-ಸೀರೀಸ್ ಎಂಜಿನ್. 1962ರಿಂದ 1980ರವರೆಗೆ ತಯಾರಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯದು. ಇದೇ ಕುಟುಂಬದ 1489 ಸಿಸಿ ಎಂಜಿನ್ ಅಂಬಾಸಿಡರ್‌ನಲ್ಲೂ ಇತ್ತು, ಹಾಗಾಗಿ ಇಲ್ಲಿನ ಬಹುಪಾಲು ಕೆಲಸ ಅದಕ್ಕೂ ಸಲ್ಲುತ್ತದೆ. ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್, ಬಿಟ್ಟರೆ ಬಿಚ್ಚಿ ಹಾಕುವ ತಗಡಿನ ಕವರ್‌ಗಳು ನಾಲ್ಕು: ಹೆಡ್ಡಿನ ಮೇಲೆ ವಾಲ್ವ್ ಒತ್ತುವ ರಾಕರ್‌ಗಳನ್ನು ಮುಚ್ಚುವ ರಾಕರ್ ಕವರ್, ಮ್ಯಾನಿಫೋಲ್ಡ್ ಕೆಳಗೆ ಬ್ಲಾಕಿನ ಪಕ್ಕದಲ್ಲಿ ಟ್ಯಾಪೆಟ್ (ಕ್ಯಾಮಿನ ಚಲನೆಯನ್ನು ವಾಲ್ವ್ ಕಡೆಗೆ ದಾಟಿಸುವ ತುಂಡು) ಕೋಣೆಯನ್ನು ಮುಚ್ಚುವ ಎರಡು ಕವರ್, ಮುಂಭಾಗದಲ್ಲಿ ಟೈಮಿಂಗ್ ಚೈನ್ ಕವರ್. ನಾಲ್ಕೂ ಒದ್ದೆಯಾಗಿದ್ದವು. ನಾಲ್ಕರ ಅಂಚಿನಲ್ಲೂ ಸಿಲಿಕೋನ್ ಉಕ್ಕಿ ಹೊರಬಂದಿತ್ತು. ನಟ್ಟುಗಳು ಮಾತ್ರ ಒಂದೂ ಸಡಿಲವಿರಲಿಲ್ಲ.

ಈ ತರಹದ ಎಂಜಿನ್ನಿನಲ್ಲಿ ಇದು ಮಾಮೂಲಿ ನೋಟ. ತಗಡಿನ ಕವರ್ ಸೋರಿದರೆ ಕೈ ತಾನಾಗಿ ಸ್ಪ್ಯಾನರ್ ಕಡೆ ಹೋಗುತ್ತದೆ; ಬಿಗಿದಷ್ಟೂ ತಗಡು ಬಾಗುತ್ತದೆ, ಬಾಗಿದಷ್ಟೂ ಸೋರುತ್ತದೆ. ಹೀಗೆ ಹಾಳಾದ ಕವರ್‌ಗಳೇ ಹೆಚ್ಚು, ಸಡಿಲ ಬಿಟ್ಟು ಸೋರುವಂಥವು ಕಡಿಮೆ.

ಎಲ್ಲಿಂದ ಬರುತ್ತಿದೆ?

ಆಯಿಲ್ ಕೆಳಕ್ಕೂ ಹಿಂದಕ್ಕೂ ಹರಿಯುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಹಿಂದಿನ ಪಕ್ಕದ ಕವರ್‌ನಿಂದ ಜಿನುಗಿದ್ದು ಬ್ಲಾಕಿನ ಮೈಮೇಲೆ ಇಳಿದು ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಗೂಡು) ಕೆಳಗೆ ತೊಟ್ಟಿಕ್ಕುತ್ತದೆ. ನೋಡಿದವರು ರಿಯರ್ ಆಯಿಲ್ ಸೀಲ್ ಹೋಗಿದೆ ಎಂದು ತೀರ್ಮಾನಿಸಿ ಗೇರ್‌ಬಾಕ್ಸ್ ಇಳಿಸಲು ಹೊರಡುತ್ತಾರೆ. ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಮುನ್ನ ಬೆಲ್ ಹೌಸಿಂಗ್ ತಳದಲ್ಲಿ ಸ್ಪ್ಲಿಟ್ ಪಿನ್ ತೂಗುವ ರಂಧ್ರ ನೋಡಬೇಕು. ಹಿಂದಿನ ಸೀಲೇ ಸೋರುತ್ತಿದ್ದರೆ ಆಯಿಲ್ ಆ ರಂಧ್ರದ ಒಳಗಿನಿಂದ ಬರುತ್ತದೆ. ಪಿನ್ ಒಣಗಿದ್ದು ಹೌಸಿಂಗಿನ ಹೊರಮೈ ಮಾತ್ರ ಒದ್ದೆಯಿದ್ದರೆ ಕಣ್ಣು ಮೇಲಕ್ಕೆ ಹೋಗಲಿ.

ಎಂಜಿನ್ ಪೂರ್ತಿ ತೊಳೆದು ಒಣಗಿಸಿ, ಅನುಮಾನವಿರುವ ಅಂಚುಗಳ ಕೆಳಗೆ ಟಾಲ್ಕಮ್ ಪುಡಿ ತೆಳುವಾಗಿ ಉದುರಿಸಿ. ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಕಾಲು ಗಂಟೆ ಹಾಗೇ ಬಿಟ್ಟು, ಟಾರ್ಚ್ ಹಿಡಿದು ನೋಡಿದರೆ ಬಿಳಿಯ ಮೇಲೆ ಕಂದು ಗೆರೆ ಎಲ್ಲಿ ಶುರುವಾಗಿದೆ ಎಂಬುದು ಕಾಣುತ್ತದೆ. ಅತಿ ಎತ್ತರದ ಒದ್ದೆ ಜಾಗವೇ ಮೊದಲ ಆರೋಪಿ. ಅದನ್ನು ಸರಿಪಡಿಸುವವರೆಗೆ ಕೆಳಗಿನದರ ಬಗ್ಗೆ ತೀರ್ಪು ಕೊಡಬಾರದು.

ಬ್ರೀದರ್ ಸರಿಯಿಲ್ಲದೆ ಗ್ಯಾಸ್ಕೆಟ್ ಮುಟ್ಟಬೇಡಿ

ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಗ್ಯಾಸ್ ಕ್ರ್ಯಾಂಕ್‌ಕೇಸಿಗೆ (ಕ್ರ್ಯಾಂಕ್ ತಿರುಗುವ ಕೆಳಗಿನ ಕೋಣೆಗೆ) ಇಳಿಯುವುದು ಸಹಜ. ಅದು ಹೊರಹೋಗುವ ದಾರಿಯೇ ಬ್ರೀದರ್. ಆ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಆಯಿಲಿನ ಮಂಜು ಸಿಕ್ಕ ಸಿಕ್ಕ ಜೋಡಣೆಯಿಂದ ಹೊರಬರುತ್ತದೆ. ಹೊಸ ಗ್ಯಾಸ್ಕೆಟ್ (ಜೋಡಣೆಯ ನಡುವಿನ ಸೀಲು ಪಟ್ಟಿ) ಆಗಲಿ, ಎಷ್ಟು ಬಿಗಿತವಾಗಲಿ ಇದನ್ನು ತಡೆಯಲಾರದು. 1964ರಲ್ಲಿ ಕ್ರ್ಯಾಂಕಿಗೆ ಐದು ಬೇರಿಂಗಿರುವ ಎಂಜಿನ್ ಬರುವ ಮುಂಚಿನ ಬಿ-ಸೀರೀಸ್‌ಗಳಲ್ಲಂತೂ ಹಿಂಭಾಗದಲ್ಲಿ ಲಿಪ್ ಸೀಲ್ (ತುಟಿಯಿರುವ ರಬ್ಬರ್ ಸೀಲ್) ಇಲ್ಲ. ಕ್ರ್ಯಾಂಕಿನ ಮೇಲೆ ಕೊರೆದ ಸುರುಳಿ ತೋಡೇ ಆಯಿಲನ್ನು ಒಳಕ್ಕೆ ತಳ್ಳಬೇಕು. ಅಲ್ಲಿ ಒಳ ಒತ್ತಡ ಸ್ವಲ್ಪ ಹೆಚ್ಚಿದರೂ ಹಿಂದಿನಿಂದ ಸೋರಿಕೆ ಗ್ಯಾರಂಟಿ.

ಎಂಜಿಬಿಯಲ್ಲಿ ಮುಂದಿನ ಪಕ್ಕದ ಕವರ್‌ಗೇ ಬ್ರೀದರ್ ಡಬ್ಬಿ ಸೇರಿಕೊಂಡಿದೆ. ಅದರೊಳಗಿನ ತಂತಿ ಜಾಲರಿ ಆಯಿಲನ್ನು ಹಿಡಿದು ಗ್ಯಾಸನ್ನು ಮಾತ್ರ ಬಿಡಬೇಕು. ಈ ಜಾಲರಿ ಬಿಚ್ಚಲು ಬರುವುದಿಲ್ಲ, ವರ್ಷಗಟ್ಟಲೆ ಯಾರೂ ತೊಳೆಯುವುದೂ ಇಲ್ಲ. ಬೆಂಚಿನ ಮೇಲಿನ ಕವರ್‌ನ ಪೈಪಿಗೆ ಬಾಯಿಯಿಂದ ಊದಿದರೆ ಗಾಳಿ ಆಚೆ ಹೋಗಲೇ ಇಲ್ಲ. ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಅಲುಗಾಡಿಸಿ ಚೆಲ್ಲಿದಾಗ ಕಪ್ಪು ಗಸಿ ಬಂತು. ಚೆಲ್ಲಿದ ಸೀಮೆಎಣ್ಣೆ ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆದು, ಕಂಪ್ರೆಸರ್ ಗಾಳಿ ಬಿಟ್ಟು, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಒಳಗೆ ಸೀಮೆಎಣ್ಣೆ ಉಳಿದರೆ ಅದು ಗ್ಯಾಸ್ಕೆಟ್ ಅಂಟಿಸುವ ಹೊತ್ತಿಗೆ ಸರಿಯಾಗಿ ಅಂಚಿಗೆ ಜಾರಿ ಬರುತ್ತದೆ.

ಒಳಹೋಗುವ ಗಾಳಿಯ ದಾರಿಯನ್ನೂ ನೋಡಬೇಕು. ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸಿನ ಗ್ಯಾಸನ್ನು ಇನ್‌ಲೆಟ್ ಮ್ಯಾನಿಫೋಲ್ಡಿಗೆ ಎಳೆಯುವ ವಾಲ್ವ್) ಇರುವ ಎಂಜಿಬಿಗಳಲ್ಲಿ ಆ ಗಾಳಿ ಆಯಿಲ್ ಕ್ಯಾಪಿನ ಒಳಗಿನ ಫಿಲ್ಟರ್ ಮೂಲಕ ಬರುತ್ತದೆ. ಕ್ಯಾಪನ್ನು 12,000 ಮೈಲಿಗೊಮ್ಮೆ ಬದಲಿಸಬೇಕೆಂಬುದು ಕಂಪನಿಯ ಸರ್ವೀಸ್ ಪಟ್ಟಿಯಲ್ಲೇ ಇದೆ. ನೋಡಲು ಚೆಂದವೆಂದು ಗಾಳಿರಂಧ್ರವಿಲ್ಲದ ಹೊಳೆಯುವ ಕ್ಯಾಪ್ ಹಾಕಿದ ಕಾರುಗಳು ಬೇಕಾದಷ್ಟಿವೆ. ಅವುಗಳಲ್ಲಿ ಬ್ರೀದಿಂಗ್ ಲೆಕ್ಕ ಬುಡದಿಂದಲೇ ತಪ್ಪಿರುತ್ತದೆ.

ಅಳೆಯುವುದು ಕಷ್ಟವೇನಲ್ಲ. ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬನ್ನು ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ರಂಧ್ರಕ್ಕೆ ಗಾಳಿಯಾಡದಂತೆ ಕೂರಿಸಿ. ಐಡ್ಲಿಂಗ್‌ನಲ್ಲಿ ನೀರು ಎಂಜಿನ್ ಕಡೆಗೆ ಸ್ವಲ್ಪ ಎಳೆದುಕೊಂಡಿರಬೇಕು, ಕಡೇಪಕ್ಷ ಮಟ್ಟವಾಗಿರಬೇಕು. ಎರಡು ಬದಿಯ ನೀರಿನ ನಡುವೆ 100 ಮಿ.ಮೀ. ಅಂತರವೆಂದರೆ ಸುಮಾರು 1 ಕಿಲೋಪಾಸ್ಕಲ್. ನೀರು ಹೊರಗಿನ ತುದಿಯ ಕಡೆ ಏರಿದರೆ ಒಳಗೆ ಒತ್ತಡವಿದೆ ಎಂದರ್ಥ. ಬ್ರೀದರ್ ತೊಳೆದ ಮೇಲೂ ಹಾಗೇ ಇದ್ದರೆ ರಿಂಗು, ಬೋರು ಸವೆದಿವೆ. ಕವರ್‌ಗಳ ಕೆಲಸ ಆಮೇಲೆ.

ಪಕ್ಕದ ಕವರ್‌ಗಳು

ಇವೇ ಈ ಎಂಜಿನ್ನಿನ ನಿಜವಾದ ತಲೆನೋವು. ಒಂದೊಂದು ಕವರನ್ನೂ ಹಿಡಿದಿರುವುದು ನಟ್ಟನಡುವಿನ ಒಂದೇ ಬೋಲ್ಟ್. ಸುತ್ತಲಿನ ಅಂಚಿನಲ್ಲಿ ಇರುವುದು ಕಾರ್ಕ್ ಗ್ಯಾಸ್ಕೆಟ್ ಮಾತ್ರ. ನಡುವೆ ಬಿಗಿದಾಗ ಆ ಒತ್ತಡ ನಾಲ್ಕು ಮೂಲೆಗೂ ತಲುಪಬೇಕಾದರೆ ತಗಡು ಬಾಗದೆ ನಿಲ್ಲಬೇಕು. ಮಿತಿ ಮೀರಿದರೆ ನಡುಭಾಗ ಒಳಕ್ಕೆ ಕುಸಿದು ಉದ್ದದ ಅಂಚಿನ ಮಧ್ಯದಲ್ಲಿ ಕಾರ್ಕ್ ಜಜ್ಜಿಹೋಗುತ್ತದೆ, ಮೂಲೆಗಳು ಎದ್ದು ನಿಲ್ಲುತ್ತವೆ. ಕೆಳಗಿನ ಮೂಲೆಗಳ ಹತ್ತಿರ ಆಯಿಲ್ ಸದಾ ಇರುತ್ತದೆ, ಸೋರುವುದು ಅಲ್ಲೇ.

ಈ ಬೋಲ್ಟಿಗೆ ಹೇಳಿರುವ ಟಾರ್ಕ್ 2 ಪೌಂಡ್-ಅಡಿ, ಅಂದರೆ 2.7 ನ್ಯೂಟನ್-ಮೀಟರ್. ಕೈಬೆರಳಿನ ಬಿಗಿತಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮಾಮೂಲಿ ಅರ್ಧ ಇಂಚು ಡ್ರೈವ್ ಟಾರ್ಕ್ ರೆಂಚ್ ಇಷ್ಟು ಕೆಳಗೆ ಓದುವುದಿಲ್ಲ. ಕಾಲು ಇಂಚು ಡ್ರೈವಿನ, 2ರಿಂದ 20 ನ್ಯೂಟನ್-ಮೀಟರ್‌ವರೆಗಿನದು ಬೇಕು. ಅದಿಲ್ಲದಿದ್ದರೆ ಗಿಡ್ಡ ಸ್ಪ್ಯಾನರನ್ನು ಬಾಯಿಯ ಹತ್ತಿರವೇ ಎರಡು ಬೆರಳಲ್ಲಿ ಹಿಡಿದು ತಿರುಗಿಸಬೇಕು. ಕಡ್ಡಿಯ ತುದಿ ಹಿಡಿದರೆ ಕೆಲಸ ಕೆಟ್ಟಿತು.

ಬಿಚ್ಚಲು ಕಾರ್ಬುರೇಟರ್‌ಗಳನ್ನೂ ಮ್ಯಾನಿಫೋಲ್ಡ್‌ಗಳನ್ನೂ ತೆಗೆಯಬೇಕು. ಹಳೆಯ ಎಕ್ಸಾಸ್ಟ್ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ಒಣಗಿದ್ದಾಗ ಉಜ್ಜಬೇಡಿ, ವೈರ್ ಬ್ರಶ್ಶಂತೂ ಬೇಡವೇ ಬೇಡ. ನೀರು ಚಿಮುಕಿಸಿ, ಒದ್ದೆಯಿರುವಾಗಲೇ ಕೆರೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಬೇಕು.

ಹೊರಬಂದ ಹಿಂದಿನ ಕವರ್‌ನ ಕಾರ್ಕ್ ಎಕ್ಸಾಸ್ಟಿನ ಬಿಸಿಗೆ ಕಪ್ಪಾಗಿ, ಉಗುರಿನಿಂದ ಒತ್ತಿದರೂ ಗುರುತು ಬೀಳದಷ್ಟು ಗಟ್ಟಿಯಾಗಿತ್ತು. ಅದರ ದಪ್ಪ ಉದ್ದಂಚಿನ ಮಧ್ಯದಲ್ಲಿ 1.2 ಮಿ.ಮೀ., ಮೂಲೆಗಳಲ್ಲಿ 2.6 ಮಿ.ಮೀ. ಕವರ್ ಹೇಗೆ ಬಾಗಿದೆ ಎಂಬುದರ ನಕಾಶೆ ಹಳೆಯ ಗ್ಯಾಸ್ಕೆಟ್‌ನಲ್ಲೇ ಇರುತ್ತದೆ. ಎಸೆಯುವ ಮುಂಚೆ ನಾಲ್ಕಾರು ಕಡೆ ಕ್ಯಾಲಿಪರ್ ಹಿಡಿದು ನೋಡುವುದು ಲಾಭ.

ಮಟ್ಟ ನೋಡಲು 6 ಮಿ.ಮೀ. ದಪ್ಪದ ಗಾಜು ಸಾಕು. ತೊಳೆದ ಕವರನ್ನು ಅಂಚು ಕೆಳಗಾಗಿ ಗಾಜಿನ ಮೇಲಿಟ್ಟು ಸುತ್ತಲೂ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಉಕ್ಕಿನ ಎಲೆಗಳು) ತೂರಿಸಿ. ಕಾರ್ಕ್ ಗ್ಯಾಸ್ಕೆಟ್‌ಗೆ 0.25 ಮಿ.ಮೀ.ವರೆಗಿನ ಸಂದು ತೊಂದರೆಯಿಲ್ಲ. ಈ ಕವರ್‌ನ ಎರಡು ಮೂಲೆಗಳಲ್ಲಿ 0.9 ಮಿ.ಮೀ. ಎಲೆ ಸಲೀಸಾಗಿ ಹೋಯಿತು.

ನೇರ ಮಾಡುವಾಗ ಮೊದಲು ನಡುಭಾಗ, ಆಮೇಲೆ ಅಂಚು. ಕವರನ್ನು ಅಂಚು ಮೇಲಾಗುವಂತೆ ಮರಳು ಚೀಲದ ಮೇಲಿಟ್ಟು, ಬೋಲ್ಟ್ ರಂಧ್ರದ ಸುತ್ತ ಗಟ್ಟಿಮರದ ತುಂಡಿಟ್ಟು ಅದರ ಮೇಲೆ ಸುತ್ತಿಗೆಯಿಂದ ಹೊಡೆದರೆ ಒಳಕ್ಕೆ ಕುಸಿದದ್ದು ಹೊರಕ್ಕೆ ಬರುತ್ತದೆ. ನಡುಭಾಗ ಬಂದ ಕೂಡಲೇ ಮೂಲೆಗಳ ಅರ್ಧ ದೋಷ ತಾನೇ ಹೋಗುತ್ತದೆ. ಉಳಿದದ್ದಕ್ಕೆ ವೈಸಿನಲ್ಲಿ ಉಕ್ಕಿನ ಚಪ್ಪಟೆ ತುಂಡು ಕಟ್ಟಿ, ಅಂಚನ್ನು ಅದರ ಮೇಲೆ ಒರಗಿಸಿ, ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಬೇಕು. ಹೊಡೆಯುವುದಲ್ಲ, ತಟ್ಟುವುದು. ಜೋರಾಗಿ ಹೊಡೆದರೆ ತಗಡು ಹಿಗ್ಗಿ ಅಲೆ ಅಲೆಯಾಗುತ್ತದೆ, ಆಮೇಲೆ ಅದನ್ನು ಮಟ್ಟಕ್ಕೆ ತರುವುದು ಅಸಾಧ್ಯಕ್ಕೆ ಹತ್ತಿರ. ನಾಲ್ಕು ಏಟಿಗೊಮ್ಮೆ ಗಾಜಿನ ಮೇಲಿಟ್ಟು ನೋಡಿ. ಕೊನೆಗೆ ಗಾಜಿನ ಮೇಲೆ 240 ನಂಬರಿನ ಎಮರಿ ಪೇಪರ್ ಅಂಟಿಸಿ ಕವರನ್ನು ಎಂಟರ ಆಕಾರದಲ್ಲಿ ಉಜ್ಜಿದರೆ ಉಬ್ಬುಗಳು ಹೊಳೆಯುತ್ತವೆ, ತಗ್ಗುಗಳು ಮಂಕಾಗಿಯೇ ಇರುತ್ತವೆ. ಇಲ್ಲಿ ಉದ್ದೇಶ ಗುರುತು ಹಿಡಿಯುವುದೇ ಹೊರತು ತಗಡು ಸವೆಸುವುದಲ್ಲ.

ಬ್ಲಾಕಿನ ಮೈ ಎರಕದ ಕಬ್ಬಿಣ, ಅದು ಬಾಗಿರುವುದಿಲ್ಲ. ಹಳೆಯ ಸಿಲಿಕೋನ್ ಮಾತ್ರ ಅದಕ್ಕೆ ಕಚ್ಚಿಕೊಂಡಿರುತ್ತದೆ. ಟ್ಯಾಪೆಟ್ ಕೋಣೆಗೆ ಮೊದಲು ಬಟ್ಟೆ ತುರುಕಿ, ಹಿತ್ತಾಳೆ ಅಥವಾ ಗಟ್ಟಿ ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ತೆಗೆದು, ಅಸಿಟೋನ್ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಯ ಮೇಲೆ ಕಲೆ ಬೀಳುವುದು ನಿಲ್ಲುವವರೆಗೂ ಒರೆಸಬೇಕು.

ಕಾರ್ಕನ್ನು ಅಂಟಿಸುವ ಬಗೆ

ಹೊಸ ಕಾರ್ಕ್ ಪ್ಯಾಕೆಟ್‌ನಲ್ಲಿ ಒಣಗಿ ಕುಗ್ಗಿರುತ್ತದೆ. ಎಳೆದು ಹೊಂದಿಸಲು ಹೋದರೆ ಮೂಲೆಯಲ್ಲಿ ಹರಿಯುತ್ತದೆ. ಅರ್ಧ ಗಂಟೆ ಉಗುರುಬೆಚ್ಚನೆ ನೀರಿನಲ್ಲಿ ನೆನೆಸಿದರೆ ಹಿಗ್ಗಿ ಅಳತೆಗೆ ಬರುತ್ತದೆ. ಮೈಮೇಲಿನ ನೀರು ಆರಿದ ಮೇಲೆ, ಪೂರ್ತಿ ಒಣಗುವ ಮುಂಚೆ ಅಂಟಿಸಬೇಕು. ರಬ್ಬರ್ ಬೆರೆತ ಕಾರ್ಕ್ ಸಿಕ್ಕರೆ ಅದೇ ಮೇಲು, ಅದು ಹೀಗೆ ಕುಗ್ಗುವುದಿಲ್ಲ. ಪಕ್ಕದ ಕವರ್‌ಗಳಿಗೆ ಬಿಸಿಯ ದೃಷ್ಟಿಯಿಂದಲೂ ಇದನ್ನೇ ಆರಿಸುವುದು ಜಾಣತನ.

ಗ್ಯಾಸ್ಕೆಟ್ ಕವರ್‌ಗೆ ಅಂಟಿರಬೇಕು, ಎಂಜಿನ್ ಕಡೆ ಅಂಟಬಾರದು. ಕವರ್‌ನ ಅಂಚಿಗೂ ಗ್ಯಾಸ್ಕೆಟ್‌ನ ಒಂದು ಮೈಗೂ ಕಾಂಟ್ಯಾಕ್ಟ್ ಅಂಟನ್ನು ತೆಳುವಾಗಿ ಸವರಿ, ಬೆರಳಿಗೆ ಎಳೆ ಬಾರದೆ ಬರೀ ಜಿಗುಟೆನಿಸುವವರೆಗೆ ಬಿಡಿ. ಮೊದಲು ನಾಲ್ಕು ಮೂಲೆ ಕೂರಿಸಿ, ಆಮೇಲೆ ನಡುವಿನ ಭಾಗ ಒತ್ತಬೇಕು. ಒಂದು ತುದಿಯಿಂದ ಶುರು ಮಾಡಿದರೆ ಕೊನೆಯಲ್ಲಿ ಗ್ಯಾಸ್ಕೆಟ್ ಹೆಚ್ಚಾಗಿ ಸುಕ್ಕು ಬೀಳುತ್ತದೆ. ಕೂರಿಸಿದ ಮೇಲೆ ಗಾಜಿನ ಮೇಲೆ ಕವುಚಿ, 2–3 ಕಿಲೋ ಭಾರವಿಟ್ಟು ಒಂದು ರಾತ್ರಿ ಬಿಡಿ. ಎಂಜಿನ್ ಕಡೆಯ ಮೈಗೆ ಗ್ರೀಸಿನ ತೆಳು ಲೇಪ ಸಾಕು. ಮುಂದೆ ಬಿಚ್ಚುವಾಗ ಅದು ಹರಿಯದೆ ಏಳುತ್ತದೆ.

ಕಾರ್ಕಿನ ಎರಡೂ ಕಡೆ ಸಿಲಿಕೋನ್ ಬಳಿಯುವ ಅಭ್ಯಾಸ ಬಹಳ ಮಂದಿಗಿದೆ. ಗಟ್ಟಿಯಾಗುವ ಮುಂಚೆ ಸಿಲಿಕೋನ್ ಜಾರುವ ವಸ್ತು. ಬಿಗಿಯುವಾಗ ಕಾರ್ಕ್ ಅದರ ಮೇಲೆ ಜಾರಿ ಹೊರಕ್ಕೋ ಒಳಕ್ಕೋ ಉಬ್ಬುತ್ತದೆ, ಕೆಲವೊಮ್ಮೆ ಅಂಚಿನಿಂದ ಪೂರ್ತಿ ಹೊರಬಂದುಬಿಡುತ್ತದೆ. ಒಳಕ್ಕೆ ಉಕ್ಕಿದ ಸಿಲಿಕೋನ್ ಇನ್ನೂ ಅಪಾಯ. ಕಾಲಕ್ರಮದಲ್ಲಿ ಅದು ಹುಳುವಿನಂಥ ತುಂಡಾಗಿ ಕಿತ್ತು ಸಂಪಿಗೆ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಅಂಟಿ ಆಯಿಲಿನ ದಾರಿ ಕಟ್ಟುತ್ತದೆ. ಒಂದು ಸಣ್ಣ ಜಿನುಗು ನಿಲ್ಲಿಸಲು ಹೋಗಿ ಬೇರಿಂಗುಗಳನ್ನು ಪಣಕ್ಕಿಟ್ಟಂತಾಯಿತು. ಈ ಎಂಜಿನ್ನಿನ ಟ್ಯಾಪೆಟ್ ಕೋಣೆಯ ತಳದಲ್ಲೂ ಅಂಥ ತುಂಡುಗಳಿದ್ದವು. ಅವನ್ನು ಕಂಡ ಮೇಲೆ ಸಂಪ್ ಇಳಿಸಿ ಜಾಲರಿ ನೋಡದೆ ಮುಂದುವರಿಯುವುದು ಸರಿಯಲ್ಲ. ಸಂಪ್ ಬೋಲ್ಟುಗಳ ಟಾರ್ಕ್ ಕೂಡ 6 ಪೌಂಡ್-ಅಡಿ ಮಾತ್ರ, ಅಂದರೆ 8 ನ್ಯೂಟನ್-ಮೀಟರ್.

ಪಕ್ಕದ ಕವರ್‌ನ ಬೋಲ್ಟ್ ಟ್ಯಾಪೆಟ್ ಕೋಣೆಯ ಒಳಕ್ಕೇ ಹಾಯುವುದರಿಂದ ಅದರ ತಲೆಯ ಕೆಳಗಿನಿಂದಲೂ ಆಯಿಲ್ ಬರುತ್ತದೆ. ಕಪ್ ವಾಷರ್ ಜೊತೆಗೆ ಹೊಸ ಸೀಲಿಂಗ್ ವಾಷರ್ ಹಾಕಿ. ಗ್ಯಾಸ್ಕೆಟ್ ಸೋರುತ್ತಿದೆ ಎಂದುಕೊಂಡ ಎಷ್ಟೋ ಕಡೆ ತಪ್ಪು ಈ ಒಂದು ವಾಷರಿನದೇ.

ರಾಕರ್ ಕವರ್

ಕವರ್ ಮುಚ್ಚುವ ಮುನ್ನ ವಾಲ್ವ್ ಕ್ಲಿಯರೆನ್ಸ್ (ರಾಕರ್‌ಗೂ ವಾಲ್ವಿಗೂ ನಡುವಿನ ಸಂದು) ನೋಡಿಬಿಡಿ: ಎಂಜಿನ್ ತಣ್ಣಗಿರುವಾಗ 0.015 ಇಂಚು, ಅಂದರೆ 0.38 ಮಿ.ಮೀ. ಹೊಸ ಗ್ಯಾಸ್ಕೆಟ್ ಕೂರಿಸಿದ ವಾರದಲ್ಲೇ ಟ್ಯಾಪೆಟ್ ಸದ್ದೆಂದು ಮತ್ತೆ ಬಿಚ್ಚುವುದು ತಪ್ಪುತ್ತದೆ.

ಈ ಕವರ್ ನಿಂತಿರುವುದು ಮೇಲ್ಭಾಗದ ಎರಡು ನಟ್ಟುಗಳ ಮೇಲೆ. ಟಾರ್ಕ್ 4 ಪೌಂಡ್-ಅಡಿ, 5.4 ನ್ಯೂಟನ್-ಮೀಟರ್. ನಟ್ಟಿನ ಕೆಳಗೆ ಕಪ್ ವಾಷರ್, ಅದರ ಕೆಳಗೆ ರಬ್ಬರ್ ಬುಷ್. ಆ ರಬ್ಬರ್ ಎರಡು ಕೆಲಸ ಮಾಡುತ್ತದೆ: ಸ್ಟಡ್ ಸುತ್ತಲಿನ ರಂಧ್ರ ಮುಚ್ಚುತ್ತದೆ, ಸ್ಪ್ರಿಂಗಿನಂತೆ ಒತ್ತಡ ಉಳಿಸಿಕೊಳ್ಳುತ್ತದೆ. ಅದು ಕಲ್ಲಾದ ಮೇಲೆ ಎರಡೂ ಕೆಲಸ ನಿಲ್ಲುತ್ತವೆ. ಗ್ಯಾಸ್ಕೆಟ್ ಬದಲಿಸಿದಾಗಲೆಲ್ಲ ಬುಷ್ ಕೂಡ ಬದಲಿಸಬೇಕು. ಸ್ಟಡ್ ಮೇಲಿನ ಸ್ಪೇಸರ್ ಕಳೆದುಹೋಗಿದ್ದರೆ ನಟ್ಟನ್ನು ತಡೆಯುವವರೇ ಇಲ್ಲದೆ ಕವರ್‌ನ ನೆತ್ತಿ ತಗ್ಗುತ್ತದೆ. ಅಂಚು ಆಗ ಎರಡು ನಟ್ಟುಗಳ ನಡುವೆ ಮೇಲಕ್ಕೆ ಕಮಾನಾಗುತ್ತದೆ. ಈ ಕವರ್‌ನಲ್ಲಿ ಹಿಂದಿನ ಸ್ಪೇಸರ್ ಇರಲಿಲ್ಲ, ನೆತ್ತಿಯಲ್ಲಿ ಕಪ್ ವಾಷರಿನ ಅಚ್ಚು ಮೂಡಿತ್ತು. ನೇರ ಮಾಡುವ ಕ್ರಮ ಪಕ್ಕದ ಕವರ್‌ನದೇ.

ಎರಡು ನಟ್ಟುಗಳನ್ನೂ ಕಾಲು ಸುತ್ತಿನಂತೆ ಒಂದಾದ ಮೇಲೊಂದು ಬಿಗಿಯಬೇಕು. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕವರ್ ವಾಲುತ್ತದೆ.

ತಗಡಿನ ಜಾಗದಲ್ಲಿ ಅಲ್ಯೂಮಿನಿಯಂ ಕವರ್ ಹಾಕಿದ್ದರೆ ಲೆಕ್ಕ ಬೇರೆ. ಅದು ಬಾಗುವುದಿಲ್ಲ, ಆದರೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 450 ಮಿ.ಮೀ. ಉದ್ದದ ಕವರ್ 70 ಡಿಗ್ರಿ ಬಿಸಿಯೇರಿದಾಗ ಕೆಳಗಿನ ಕಬ್ಬಿಣದ ಹೆಡ್ಡಿಗಿಂತ 0.4 ಮಿ.ಮೀ.ಯಷ್ಟು ಹೆಚ್ಚು ಉದ್ದವಾಗುತ್ತದೆ. ಪ್ರತಿ ಸಲ ಬಿಸಿಯಾದಾಗ, ತಣಿದಾಗ ಗ್ಯಾಸ್ಕೆಟ್ ಈ ಸರಿದಾಟ ತಾಳಬೇಕು. ಒಣ ಕಾರ್ಕ್‌ಗಿಂತ ಅಚ್ಚಿನ ರಬ್ಬರ್ ಗ್ಯಾಸ್ಕೆಟ್ ಇಲ್ಲಿ ಚೆನ್ನಾಗಿ ಬಾಳುತ್ತದೆ. ಎರಕದಲ್ಲಿ ಅಂಚು ಸೊಟ್ಟಗಿರುವ ಹೊಸ ಕವರ್‌ಗಳೂ ಇರುತ್ತವೆ. ಪೆಟ್ಟಿಗೆಯಿಂದ ತೆಗೆದದ್ದನ್ನೂ ಗಾಜಿನ ಮೇಲಿಟ್ಟೇ ನೋಡಬೇಕು.

ಟೈಮಿಂಗ್ ಕವರ್

ಇದಕ್ಕೆ ಅಂಚಿನ ಸುತ್ತ ಬೋಲ್ಟುಗಳಿವೆ, ಗ್ಯಾಸ್ಕೆಟ್ ಕಾಗದದ್ದು. ಇಲ್ಲಿ ಪ್ರತಿ ಬೋಲ್ಟ್ ರಂಧ್ರದ ಸುತ್ತ ತಗಡು ಎಂಜಿನ್ ಕಡೆಗೆ ಉಬ್ಬಿರುತ್ತದೆ. ಬೋಲ್ಟ್ ಇರುವಲ್ಲಿ ಮಾತ್ರ ಒತ್ತಡ, ನಡುವೆ ಸಂದು. ಅಂಚನ್ನು ಉಕ್ಕಿನ ತುಂಡಿನ ಮೇಲಿಟ್ಟು, ಗ್ಯಾಸ್ಕೆಟ್ ಕೂರುವ ಮೈಯಿಂದ ಒಂದೊಂದು ಉಬ್ಬನ್ನೂ ತಟ್ಟಿ ಮಟ್ಟ ಮಾಡಿ. ಕಾಗದ ತೆಳುವಾದ್ದರಿಂದ ಇಲ್ಲಿ 0.1 ಮಿ.ಮೀ.ಗಿಂತ ಹೆಚ್ಚು ಸಂದು ಬಿಡಬಾರದು. ಗಟ್ಟಿಯಾಗದ ಬಗೆಯ ಸೀಲೆಂಟನ್ನು ಎರಡೂ ಮೈಗೆ ತೆಳುವಾಗಿ ಹಚ್ಚಬಹುದು.

ಬೋಲ್ಟುಗಳನ್ನು ಕೈಯಲ್ಲಷ್ಟೇ ತಿರುಗಿಸಿ ಬಿಟ್ಟು, ಪುಲ್ಲಿಯ ಕುತ್ತಿಗೆಗೆ ಆಯಿಲ್ ಸವರಿ ಸೀಲಿನೊಳಗೆ ತೂರಿಸಿ. ಪುಲ್ಲಿಯೇ ಕವರನ್ನು ನಡುವಿಗೆ ತರುತ್ತದೆ. ಆಮೇಲೆ ಕಾಲು ಇಂಚಿನ ಬೋಲ್ಟುಗಳಿಗೆ 6 ಪೌಂಡ್-ಅಡಿ, 5/16 ಇಂಚಿನವಕ್ಕೆ 14 ಪೌಂಡ್-ಅಡಿ (19 ನ್ಯೂಟನ್-ಮೀಟರ್). ಕವರ್ ಬಿಗಿದ ಮೇಲೆ ಪುಲ್ಲಿ ತೂರಿಸಿದರೆ ಸೀಲಿನ ತುಟಿ ಒಂದು ಪಕ್ಕಕ್ಕೇ ಒತ್ತಿ ಬೇಗ ಸವೆಯುತ್ತದೆ. ಪುಲ್ಲಿಯ ಕುತ್ತಿಗೆಯಲ್ಲಿ ಉಗುರಿಗೆ ಸಿಗುವಷ್ಟು ತೋಡು ಬಿದ್ದಿದ್ದರೆ ಹೊಸ ಸೀಲ್ ಕೂಡ ನಿಲ್ಲಿಸಲಾರದು. ತೆಳು ಉಕ್ಕಿನ ರಿಪೇರಿ ಸ್ಲೀವ್ ಹಾಕಬೇಕು. ಒಳಗೆ ಆಯಿಲನ್ನು ಸೀಲಿನಿಂದ ದೂರ ಎರಚುವ ಆಯಿಲ್ ಥ್ರೋವರ್ ತಟ್ಟೆಯೂ ಕವರೂ ಒಂದೇ ಕಾಲದವಾಗಿರಲಿ. ನಂತರದ ಕಾಲದ ತಟ್ಟೆಯ ಮೇಲಿನ ಎಫ್ ಗುರುತು ಮುಂದಕ್ಕೆ, ಅಂದರೆ ಎಂಜಿನ್ನಿನಿಂದ ಆಚೆಗೆ ಮುಖ ಮಾಡಬೇಕು.

ಓಡಿಸಿದ ಮೇಲೆ

ಮೊದಲ ಸಲ ಪೂರ್ತಿ ಬಿಸಿ ಮಾಡಿ, ರಾತ್ರಿ ತಣಿಯಲು ಬಿಟ್ಟು, ತಣ್ಣಗಿರುವಾಗ ಅದೇ ಟಾರ್ಕ್‌ಗೆ ಒಂದು ಬಾರಿ ಮತ್ತೆ ಹಿಡಿಯಬೇಕು. ಕಾರ್ಕ್ ಬಿಸಿಗೆ ಕುಳಿತು ಸ್ವಲ್ಪ ಸಡಿಲವಾಗಿರುತ್ತದೆ, ಕಾಲು ಸುತ್ತಿನೊಳಗೆ ರೆಂಚ್ ಕ್ಲಿಕ್ ಎನ್ನುತ್ತದೆ. ಇದು ಒಂದೇ ಸಲದ ಕೆಲಸ. ಪ್ರತಿ ಸರ್ವೀಸಿನಲ್ಲಿ ಇನ್ನೊಂಚೂರು ಎಂದು ಬಿಗಿಯುತ್ತಾ ಹೋದರೆ 0.9 ಮಿ.ಮೀ. ಬಾಗಿದ ಕವರ್ ಮತ್ತೆ ಸಿದ್ಧ.

ಪಕ್ಕದ ಕವರ್‌ಗಳಿಗೆ ಈ ಮರುಬಿಗಿತ ಮಾಡಲು ಮ್ಯಾನಿಫೋಲ್ಡ್ ಅಡ್ಡ ಬರುತ್ತದೆ. ಎಲ್ಲ ಜೋಡಿಸುವ ಮುಂಚೆಯೇ ಯಾವ ಎಕ್ಸ್‌ಟೆನ್ಷನ್, ಯಾವ ಸಾಕೆಟ್ ಹಾಕಿದರೆ ಆ ಬೋಲ್ಟ್ ಕೈಗೆಟುಕುತ್ತದೆ ಎಂದು ನೋಡಿಟ್ಟುಕೊಳ್ಳಬೇಕು. ಎಟುಕುವುದೇ ಇಲ್ಲವೆಂದಾದರೆ ಕವರ್ ಹಾಕಿ, ಟಾರ್ಕ್ ಹಿಡಿದು, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೊಮ್ಮೆ ಹಿಡಿದ ಮೇಲೆ ಮ್ಯಾನಿಫೋಲ್ಡ್ ಏರಿಸಿ. ಬಿಸಿಯಲ್ಲಿ ಕುಳಿತಷ್ಟು ಪೂರ್ತಿಯಾಗಿ ಕಾರ್ಕ್ ಕೂರದಿದ್ದರೂ ಬಹುಪಾಲು ಕುಸಿತ ಆ ರಾತ್ರಿಯೇ ಮುಗಿದಿರುತ್ತದೆ.

ಇಷ್ಟಾದ ಮೇಲೂ ಪುಡಿಯ ಮೇಲೆ ಗೆರೆ ಕಂಡರೆ ನಟ್ಟು ಮುಟ್ಟದೆ ನೀರಿನ ಟ್ಯೂಬ್ ಮತ್ತೆ ಕಟ್ಟಿ. ಈ ಸಲ ಐಡ್ಲಿಂಗ್‌ನಲ್ಲಷ್ಟೇ ಅಲ್ಲ, 3,000 ಆರ್‌ಪಿಎಂನಲ್ಲೂ ನೋಡಿ.